ಮೇಲ್‌ಬಾಕ್ಸಿನ ಬಾಗಿಲಿಗೆ ಅಯಸ್ಕಾಂತ

ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ ಎಂಬ ಊರಿನ ನಮ್ಮ ಬಡಾವಣೆಯಲ್ಲಿ ಮೇಲ್‌ಬಾಕ್ಸುಗಳೆಲ್ಲ ಒಂದೇ ಬಣ್ಣ, ಒಂದೇ ಎತ್ತರ, ಒಂದೇ ಅಂಗಡಿಯ ಸರಕು. ಬೇರೆ ಥರದ್ದನ್ನು ನೆಟ್ಟರೆ ನಿವಾಸಿಗಳ ಸಂಘದಿಂದ ನೋಟೀಸು ಬರುತ್ತದೆ. ಕಂಬಕ್ಕೆ ಬಳಿಯಬೇಕಾದ್ದು ಹೊಳೆಯುವ ಕಪ್ಪೋ ಮಂಕು ಕಪ್ಪೋ ಎಂದು ದೊಡ್ಡ ದೊಡ್ಡ ಡಿಗ್ರಿಗಳವರೆಲ್ಲ ಕೂತು ಒಂದು ಸಂಜೆಯಿಡೀ ಚರ್ಚೆ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟು ಕಾಳಜಿಯಿಂದ ಕಾಪಾಡಿದ ಪೆಟ್ಟಿಗೆಯೊಳಗೆ ಬರುವುದೇನು ಅಂದರೆ ಪಿಟ್ಜಾ ಕೂಪನ್ನು, ಹುಲ್ಲು ಕತ್ತರಿಸುವವರ ಜಾಹೀರಾತು, ನಿಮ್ಮ ಮನೆ ನಮಗೆ ಬಹಳ ಹಿಡಿಸಿದೆ, ಮಾರುತ್ತೀರಾ ಎಂದು ಯಾರೋ ಅಪರಿಚಿತರು ಕೈಬರಹದ ಹಾಗೆ ಅಚ್ಚು ಹಾಕಿಸಿದ ಕಾಗದ. ವರ್ಷಗಟ್ಟಲೆ ನಾನು ಅದನ್ನು ರಸ್ತೆಯಂಚಿನಲ್ಲಿ ನಿಂತ ಇನ್ನೊಂದು ಕಸದ ಡಬ್ಬಿ ಎಂದೇ ತಿಳಿದಿದ್ದೆ.

ಅಂಥ ಪೆಟ್ಟಿಗೆಗೆ ನಾನು ಕೈಯಾರೆ ಸೆನ್ಸರ್ ಮಾಡಿ ಕೂರಿಸುವ ಹಾಗಾದದ್ದು ಕೋವಿಡ್ ಗಲಾಟೆ ಇಳಿಯುತ್ತ ಬಂದ ಒಂದು ಬೇಸಿಗೆಯಲ್ಲಿ. ನನ್ನ ವರ್ಕ್ ಪರ್ಮಿಟ್ ಕಾರ್ಡಿನ ಅವಧಿ ಮುಗಿದಿತ್ತು. ನನ್ನ ಗಂಡ ಇರುವುದು ಕೆಲಸದ ವೀಸಾದಲ್ಲಿ, ನಾನಿರುವುದು ಅವನ ಹೆಂಡತಿ ಎಂಬ ವೀಸಾದಲ್ಲಿ. ಹಾಗೆ ಬಂದವರು ದುಡಿಯಬೇಕಾದರೆ ಬೇರೆಯೇ ಒಂದು ಕಾರ್ಡು ಬೇಕು, ಅದನ್ನು ಆಗಾಗ ಹೊಸದು ಮಾಡಿಸಬೇಕು, ಹೊಸದು ಬರುವ ಮೊದಲೇ ಹಳೆಯದು ಮುಗಿದರೆ ತೆಪ್ಪಗೆ ಮನೆಯಲ್ಲಿ ಕೂರಬೇಕು. ನಾನು ಕೂತೆ. ಪಕ್ಕದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಕೇರಿಯ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ನೀರಿನ ಟ್ಯಾಂಕು, ಪಂಪುಗಳಿಗೆ ಹಚ್ಚುವ ವೈರ್‌ಲೆಸ್ ಸೆನ್ಸರ್‌ಗಳನ್ನು ಮಾಡುತ್ತಿದ್ದೆವು. ಪುಟಾಣಿ ಬ್ಯಾಟರಿಯಲ್ಲಿ ಅವು ವರ್ಷಾನುಗಟ್ಟಲೆ ಬದುಕುವ ಹಾಗೆ ಮಾಡುವುದು ನನ್ನ ಪಾಲಿನ ವಿದ್ಯೆ. ಆ ವಿದ್ಯೆಯಲ್ಲಿ ನನಗೆ ಸೊಕ್ಕಿತ್ತು, ಈಗಲೂ ಇದೆ.

ಮ್ಯಾನೇಜರ್ ಒಳ್ಳೆಯ ಹೆಂಗಸು. ವಸಂತದಿಂದ ನನ್ನ ಜಾಗವನ್ನು ಖಾಲಿ ಇಟ್ಟುಕೊಂಡು ಕಾದಳು. ಆಗಸ್ಟ್ ಬಂತು, ಹೊಸ ಗಿರಾಕಿಯೊಬ್ಬರ ಕೆಲಸ ಶುರುವಾಗುವುದಿತ್ತು. ಒಂದು ಬುಧವಾರವನ್ನು ಗೊತ್ತು ಮಾಡಿ, ಅವತ್ತು ಬೆಳಿಗ್ಗೆ ಕಾರ್ಡು ಹಿಡಿದು ಬಂದರೆ ಜಾಗ ನಿನ್ನದು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳದೆ ನನಗೆ ವಿಧಿಯಿಲ್ಲ ಎಂದಳು. ಅವಳದ್ದು ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ.

ಆ ರಾತ್ರಿಯ ಊಟಕ್ಕೆ ಕೂತಾಗ ನನ್ನ ಗಂಡ ಮೊದಲು ಹೇಳಿದ ಮಾತು ಇದು: "ಈ ಬುಧವಾರದ ವಿಷಯ ಯಾರಿಗೂ ಹೇಳೋಕೆ ಹೋಗ್ಬೇಡ."

"ಯಾಕೆ?"

"ದೃಷ್ಟಿ ಆಗುತ್ತೆ. ಕಾರ್ಡ್ ಕೈಗೆ ಬರ್ಲಿ, ಆಫೀಸಿಗೆ ಒಂದಿನ ಹೋಗಿ ಬಾ, ಆಮೇಲೆ ಊರಿಗೆಲ್ಲ ಸ್ವೀಟ್ ಹಂಚೋಣ."

ಇವನು ಓದಿದ್ದು ಎಂಜಿನಿಯರಿಂಗು. ಹಗಲೆಲ್ಲ ಯಾವುದೋ ಬ್ಯಾಂಕಿನ ಕಂಪ್ಯೂಟರುಗಳಿಗೆ ಕಾವಲು ಕಾಯುತ್ತಾನೆ, ಪುರಾವೆಯಿಲ್ಲದೆ ಯಾವುದನ್ನೂ ನಂಬಬಾರದೆಂದು ಕಿರಿಯರಿಗೆ ಪಾಠ ಹೇಳುತ್ತಾನೆ. ಮನೆಗೆ ಬಂದರೆ ನೆರೆಯವರ ಕಣ್ಣಿಗೆ ಹೆದರುತ್ತಾನೆ. ಹೊಸ ಕಾರು ತಂದಾಗ ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದು ಹೋಗಲಿ, ಆ ಕಾರಿನ ಸುದ್ದಿಯನ್ನೇ ಒಂದು ವಾರ ಬಚ್ಚಿಟ್ಟಿದ್ದ. ಕಾರು ಮನೆ ಮುಂದೆ ಎಲ್ಲರ ಕಣ್ಣೆದುರೇ ನಿಂತಿತ್ತು. ವಾದ ಮಾಡಲು ನನಗೆ ತ್ರಾಣವಿರಲಿಲ್ಲ, ಆಯ್ತು ಎಂದೆ. ಹೀಗಾಗಿ ನಾನು ಕಾರ್ಡಿಗೆ ಕಾಯುತ್ತಿರುವುದು ಇಡೀ ಬಡಾವಣೆಗೆ ಗೊತ್ತಿತ್ತು, ಯಾಕೆಂದರೆ ಇಲ್ಲಿ ಎಲ್ಲರೂ ಯಾವುದೋ ಒಂದು ಕಾರ್ಡಿಗೆ ಕಾಯುತ್ತಿರುತ್ತಾರೆ. ಬುಧವಾರದ ವಿಷಯ ಮಾತ್ರ ನಮ್ಮಿಬ್ಬರಿಗೇ ಗೊತ್ತು.

ಇನ್ನು ಆ ಪೆಟ್ಟಿಗೆ. ನಮ್ಮ ಮನೆ ರಸ್ತೆಯ ತಿರುವಿನಲ್ಲಿದೆ, ಇಳಿಜಾರಿನ ಡ್ರೈವ್‌ವೇಯ ತುದಿಯಲ್ಲಿ ಮೇಲ್‌ಬಾಕ್ಸು. ಮುಂದಿನ ಹೂವಿನ ಮರದ ಮರೆಯಿಂದಾಗಿ ಅದು ಯಾವ ಕಿಟಕಿಗೂ ಕಾಣುವುದಿಲ್ಲ. ಆ ಬೇಸಿಗೆ ಟಪಾಲಿಗೆ ಹೊತ್ತುಗೊತ್ತು ಇರಲಿಲ್ಲ, ಒಂದು ದಿನ ಊಟದ ಹೊತ್ತಿಗೆ, ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ಕ್ಯಾರೊಲೈನಾದ ಆಗಸ್ಟ್ ಬಿಸಿಲಲ್ಲಿ ಇಳಿದು ಹೋಗಿ, ಬಾಗಿಲು ತೆಗೆದು, ಖಾಲಿ ಪೆಟ್ಟಿಗೆಯನ್ನು ಮೂಸಿ ನೋಡಿ, ಮತ್ತೆ ಹತ್ತಿ ಬರುವುದೇ ನನ್ನ ಉದ್ಯೋಗವಾಯಿತು. ನಾಯಿಯನ್ನು ತಿರುಗಾಡಿಸುವ ಬಿಳಿ ಮುದುಕನೊಬ್ಬ ನನ್ನನ್ನು ನೋಡಿದಾಗಲೆಲ್ಲ ಕೈಬೀಸುತ್ತಿದ್ದ. ಅವನ ಮರುಕ ನನಗೆ ಬೇಕಿರಲಿಲ್ಲ.

ಸೆನ್ಸರ್ ಮಾಡುವುದು ನನಗೆ ಎಡಗೈ ಕೆಲಸ. ಬಾಗಿಲಿಗೆ ಗುಂಡಿಯಷ್ಟು ಅಯಸ್ಕಾಂತ, ಅದರ ಎದುರು ಪೆಟ್ಟಿಗೆಯ ಒಳಗೋಡೆಗೆ ಒಂದು ಸಣ್ಣ ಸ್ವಿಚ್ಚು, ಅದಕ್ಕೆ ತಂತಿ ಕಟ್ಟಿದ ಪುಟ್ಟ ಸರ್ಕ್ಯೂಟ್ ಬೋರ್ಡು. ಬಾಗಿಲು ತೆರೆದು ಅಯಸ್ಕಾಂತ ದೂರ ಸರಿದರೆ ಸ್ವಿಚ್ಚಿಗೆ ಎಚ್ಚರವಾಗುತ್ತದೆ, ಅದು ಬೋರ್ಡನ್ನು ಎಬ್ಬಿಸುತ್ತದೆ, ಬೋರ್ಡು ರೇಡಿಯೋದಲ್ಲಿ ಒಂದು ಮಾತು ಹೇಳಿ ಮತ್ತೆ ಮಲಗುತ್ತದೆ. ವೈಫೈ ಅಷ್ಟು ದೂರ ಹೋಗುವುದಿಲ್ಲವಾದ್ದರಿಂದ ದೂರ ಹೋಗುವ ರೇಡಿಯೋ ಹಾಕಿದೆ. ತಗಡಿನ ಪೆಟ್ಟಿಗೆ ರೇಡಿಯೋವನ್ನು ಒಳಗೇ ನುಂಗಿಬಿಡುತ್ತದೆ, ಅದಕ್ಕೆ ಆಂಟೆನಾದ ತಂತಿಯನ್ನು ತಳದ ಬೋಲ್ಟಿನ ತೂತಿನಿಂದ ಹೊರಗೆ ಇಳಿಬಿಟ್ಟು ಕಂಬದ ಹಿಂದೆ ಅಂಟಿಸಿದೆ, ಸಂಘದ ಕಣ್ಣಿಗೆ ಬೀಳದ ಹಾಗೆ. ಮನೆಯೊಳಗೆ ಅಡುಗೆಮನೆಯ ಕಟ್ಟೆಯ ಮೇಲೆ ಅದರ ಮಾತು ಕೇಳಿಸಿಕೊಳ್ಳುವ ಇನ್ನೊಂದು ಡಬ್ಬಿ. ಬಾಗಿಲು ತೆರೆದರೆ ಅದು ಕೂಗುತ್ತದೆ, ನನ್ನ ಫೋನಿಗೂ ಸಂದೇಶ ಕಳಿಸುತ್ತದೆ. ಸೋಲ್ಡರಿಂಗ್ ಹೊಗೆ ಮೂಗಿಗೆ ಹೋದಾಗ ತಿಂಗಳುಗಳ ನಂತರ ನಾನು ಮನುಷ್ಯಳಾದ ಹಾಗನಿಸಿತು. ನಿಜ ಹೇಳಬೇಕೆಂದರೆ ಟಪಾಲಿಗಿಂತ ಹೆಚ್ಚಾಗಿ ಅದಕ್ಕೋಸ್ಕರವೇ ನಾನು ಅದನ್ನು ಮಾಡಿದ್ದು.

ಆ ವಾರಾಂತ್ಯ, ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್‌ನಲ್ಲಿ ನನ್ನ ಗಂಡ ಅದನ್ನೊಂದು ತಮಾಷೆಯ ಹಾಗೆ ಎಲ್ಲರಿಗೂ ಹೇಳಿದ. ಅವನ ಸ್ನೇಹಿತನೊಬ್ಬನಿದ್ದಾನೆ, ಜೀವಮಾನದಲ್ಲಿ ಸ್ಲೈಡು ಬಿಟ್ಟು ಬೇರೇನನ್ನೂ ಕಟ್ಟಿದವನಲ್ಲ. ಬಿಸಿಬೇಳೆಬಾತಿನ ತಟ್ಟೆ ಹಿಡಿದು ನನ್ನ ಹತ್ತಿರ ಬಂದ.

"ಅಲ್ಲಾ ಮೇಡಂ, ಒಂದು ಕ್ಯಾಮೆರಾ ತಗೊಂಡು ಎಐ ಹಾಕ್ಬಿಟ್ರೆ ಮುಗೀತಲ್ಲ? ಪೋಸ್ಟ್‌ಮನ್ ಮುಖಾನೇ ರೆಕಗ್ನೈಸ್ ಮಾಡುತ್ತೆ."

"ಬ್ಯಾಟರಿ ಎಷ್ಟು ದಿನ ಬರುತ್ತೆ?" ಎಂದು ಕೇಳಿದೆ.

"ಅದೆಲ್ಲ ಆಪ್ಟಿಮೈಸ್ ಮಾಡ್ಬಹುದು. ಹೋಗ್ಲಿ ಬಿಡಿ, ನಿಮಗೂ ಟೈಮ್‌ಪಾಸ್ ಆಗ್ಬೇಕಲ್ವಾ."

ಅವನ ಹೆಂಡತಿ ನಕ್ಕಳು, ನನ್ನ ಗಂಡನೂ ನಕ್ಕ. ಆಪ್ಟಿಮೈಸ್ ಮಾಡುವುದೇ ನನ್ನ ಉದ್ಯೋಗವೆಂದು ಆ ಮನೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಕಾರ್ಡಿನ ಅವಧಿ ಮುಗಿದ ದಿನ ತಲೆಯೊಳಗಿನ ವಿದ್ಯೆಯ ಅವಧಿಯೂ ಮುಗಿಯುತ್ತದೆಂದು ಇವರೆಲ್ಲ ತಿಳಿದ ಹಾಗಿತ್ತು. ಮೊಸರನ್ನ ಹಾಕಿಕೊಂಡು ಬೇರೆ ಕಡೆ ಕೂತೆ.

ಸೆನ್ಸರ್ ಹಾಕಿದ ಮೇಲೆ ತಿಳಿದದ್ದೇನೆಂದರೆ, ನಮ್ಮ ಮೇಲ್‌ಬಾಕ್ಸನ್ನು ಟಪಾಲಿನವನಿಗಿಂತ ಹೆಚ್ಚಾಗಿ ತೆರೆಯುವವರು ನಮ್ಮ ಕನ್ನಡದ ಹೆಂಗಸರು. ಇದು ಕೋವಿಡ್ ಕಾಲದಲ್ಲಿ ಹುಟ್ಟಿದ ಪದ್ಧತಿ. ಒಬ್ಬರ ಮನೆಗೆ ಒಬ್ಬರು ಹೋಗುವಂತಿರಲಿಲ್ಲ, ಕೊಡುವ ಕೈಗಳಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ಹಿತ್ತಲಲ್ಲಿ ಬೆಳೆದ ಕರಿಬೇವು, ಹೀರೆಕಾಯಿ, ಡಬ್ಬಿಯಲ್ಲಿ ಚಟ್ನಿಪುಡಿ, ಹಬ್ಬದ ಪ್ರಸಾದ ಎಲ್ಲವನ್ನೂ ಒಬ್ಬರ ಮೇಲ್‌ಬಾಕ್ಸಿನಲ್ಲಿ ಇನ್ನೊಬ್ಬರು ಇಟ್ಟು, ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಹಾಕುವುದು. ಟಪಾಲಿನ ಪೆಟ್ಟಿಗೆಯಲ್ಲಿ ಟಪಾಲಿನವರ ಹೊರತು ಬೇರೆಯವರು ಏನನ್ನೂ ಇಡಬಾರದೆಂದು ಈ ದೇಶದ ಕಾನೂನೇ ಇದೆ. ಅದನ್ನು ನಾನು ಗ್ರೂಪಿನಲ್ಲಿ ಬರೆದೆ. ನಗುವಿನ ಚಿತ್ರಗಳು ಬಂದವು. ಮರುದಿನ ಪೆಟ್ಟಿಗೆಯಲ್ಲಿ ಎರಡು ಬದನೆಕಾಯಿ ಇದ್ದವು.

ಡಬ್ಬಿ ಕೂಗಿದಾಗಲೆಲ್ಲ ನಾನು ಇಳಿದು ಓಡುತ್ತಿದ್ದೆ. ಒಂದು ಸಲ ಸಿಕ್ಕಿದ್ದು ಕರಿಬೇವು. ಇನ್ನೊಂದು ಸಲ ಬಿಸಿಲಿಗೆ ತುಪ್ಪ ಬಿಟ್ಟುಕೊಂಡ ಒಬ್ಬಟ್ಟು, ಅದರ ಸುತ್ತ ಕೆಂಪಿರುವೆಯ ಮೆರವಣಿಗೆ. ಒಂದು ಮಧ್ಯಾಹ್ನ ಯಾರದ್ದೋ ತೊಳೆದ ಟಪ್ಪರ್‌ವೇರ್ ಡಬ್ಬಿಯನ್ನು ನಮ್ಮದೆಂದು ತಿಳಿದು ವಾಪಸ್ಸು ಇಟ್ಟಿದ್ದರು, ಅದು ನಮ್ಮದಾಗಿರಲಿಲ್ಲ. ಶಾಲೆಗೆ ರಜೆಯೆಂದು ಮನೆಯಲ್ಲೇ ಇದ್ದ ನನ್ನ ಮಗಳಿಗೂ ಆ ಕೂಗು ಕೇಳಿ ಕೇಳಿ ಸಾಕಾಗಿತ್ತು.

ಗಂಡ ತೀರ್ಪು ಕೊಟ್ಟ: "ನಿನ್ನ ಸೆನ್ಸರ್ ಬರೀ ಫಾಲ್ಸ್ ಅಲಾರಂ ಕೊಡುತ್ತೆ."

"ಅದು ಬಾಗಿಲು ತೆಗೆದ್ರು ಅನ್ನುತ್ತೆ. ಬಾಗಿಲು ತೆಗೆದಿದ್ದಾರೆ. ಫಾಲ್ಸ್ ಎಲ್ಲಿಂದ ಬಂತು?"

"ಕಾರ್ಡ್ ಬಂದಿರ್ಲಿಲ್ವಲ್ಲ."



ಆ ಬುಧವಾರದ ವಾರವೇ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಎದುರು ಸಾಲಿನ ಮನೆಯ ಆಂಟಿ ಪ್ರತಿ ವರ್ಷ ದೊಡ್ಡದಾಗಿ ಲಕ್ಷ್ಮಿಯನ್ನು ಕೂರಿಸುತ್ತಾರೆ, ಬಡಾವಣೆಯ ಕನ್ನಡದವರೆಲ್ಲ ಅವತ್ತು ಸಂಜೆ ಅಲ್ಲೇ ಊಟ. ಆಂಟಿ ಸ್ವತಃ ಡಾಕ್ಟರು, ಈಗ ನಿವೃತ್ತರು. ಬಹಳ ಹಿಂದೆ ಮೈಸೂರಿನಿಂದ ಬಂದವರು, ಮೂವತ್ತು ಚಿಲ್ಲರೆ ವರ್ಷ ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿದವರು. ಅವರ ಕಾಲದಲ್ಲಿ ಗ್ರೀನ್ ಕಾರ್ಡು ಕೇಳುವುದಕ್ಕೆ ಮೊದಲೇ ಬರುತ್ತಿತ್ತಂತೆ. ನಮ್ಮ ಕಷ್ಟ ಕೇಳಿದಾಗಲೆಲ್ಲ, "ಅಯ್ಯೋ, ನಮಗೆ ಇದೆಲ್ಲ ಗೊತ್ತೇ ಇರ್ಲಿಲ್ಲಮ್ಮ" ಎಂದು ಲೊಚಗುಟ್ಟುತ್ತಾರೆ. ಮಳೆಗೆ ಸಿಕ್ಕವರನ್ನು ವರಾಂಡದಲ್ಲಿ ನಿಂತು ನೋಡುವವರ ದನಿ ಅದು. ಆದರೂ ಅವರು ಕೆಟ್ಟವರಲ್ಲ. ಇರುವವರಲ್ಲಿ ಅವರೊಬ್ಬರೇ ನನ್ನನ್ನು ಕಂಡಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, "ಕಾರ್ಡ್ ಬಂತಾಮ್ಮ?"

ಮಂಗಳವಾರ ಮಧ್ಯಾಹ್ನ ಮಗಳನ್ನು ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳು ಒಳಗೆ ಬಾಯಿ ತೆರೆದು ಮಲಗಿದ್ದಾಗ ಫೋನು ನಡುಗಿತು, ಬಾಗಿಲು ತೆರೆಯಿತು ಎಂಬ ಸಂದೇಶ. ಸ್ವಲ್ಪ ಹೊತ್ತಿಗೆ ಮತ್ತೊಂದು ಅದೇ ಸಂದೇಶ. ಆಮೇಲೆ ಟಪಾಲಿನವರ ವೆಬ್‌ಸೈಟನ್ನು ತೆರೆದೆ. ನನ್ನ ಕಾರ್ಡಿನ ಲಕೋಟೆಯ ಎದುರು ತಲುಪಿಸಲಾಗಿದೆ ಎಂದಿತ್ತು. ಅದನ್ನು ಮೂರು ಸಲ ಓದಿದೆ. ಅಷ್ಟು ಸಂತೋಷವಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಮನೆಗೆ ಬಂದವಳು ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ಪೆಟ್ಟಿಗೆ ತೆಗೆದೆ. ಒಳಗೆ ಒಂದು ಪಿಟ್ಜಾ ಕೂಪನ್ನು.

ಕೈಹಾಕಿ ತಡಕಿದೆ. ಮಣ್ಣಲ್ಲಿ, ಹುಲ್ಲಲ್ಲಿ, ಪಕ್ಕದವರ ಪೆಟ್ಟಿಗೆಯ ಸುತ್ತ ಹುಡುಕಿದೆ. ಸಂಜೆ ಗಂಡ ಬಂದ ಮೇಲೆ ಫೋನನ್ನು ತೋರಿಸಿದೆ. ಎರಡು ಸಲ ಬಾಗಿಲು ತೆರೆದಿದೆ, ಮೊದಲನೆಯದು ಟಪಾಲಿನವನು, ಎರಡನೆಯದು ಇನ್ನೊಬ್ಬರು, ಆ ಇನ್ನೊಬ್ಬರ ಕೈಯಲ್ಲಿ ನನ್ನ ಕಾರ್ಡಿದೆ ಎಂದು ಬಿಡಿಸಿ ಹೇಳಿದೆ.

ಅವನು ಶರ್ಟಿನ ಗುಂಡಿ ಬಿಚ್ಚುತ್ತ, "ಸೆನ್ಸರ್ ಡಬಲ್ ಟ್ರಿಗರ್ ಆಗಿರುತ್ತೆ, ಒಂದ್ಸಲ ತೆಗೆದಿದ್ದಕ್ಕೆ ಎರಡು ಸಲ ಮೆಸೇಜ್ ಕಳಿಸಿರುತ್ತೆ. ಬಿಸಿಲಿಗೆ ಬ್ಯಾಟರಿ ಏನೋ ಆಗಿರ್ಬೇಕು" ಎಂದ.

"ನಾನು ಅದನ್ನ ಹಾಗೆ ಮಾಡಿಲ್ಲ."

"ಸರಿ ಮಾರಾಯ್ತಿ, ಆದ್ರೂ ಹೋಮ್‌ಮೇಡ್ ತಾನೇ? ಪೋಸ್ಟ್‌ಮನ್ ರಾಂಗ್ ಬಾಕ್ಸಿಗೆ ಹಾಕಿರ್ತಾನೆ. ಯಾರೋ ತಂದುಕೊಡ್ತಾರೆ ಬಿಡು."

ಮನೆಯಲ್ಲಿ ಮಾಡಿದ ಹುಳಿ ಚೆನ್ನಾಗಿದೆ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಚೆನ್ನಾಗಿದೆ, ಮನೆಯಲ್ಲಿ ಮಾಡಿದ ಸೆನ್ಸರ್ ಮಾತ್ರ ಸುಳ್ಳು ಹೇಳುತ್ತದೆ. ಅದೇ ಸೆನ್ಸರನ್ನು ಅವನ ಸ್ನೇಹಿತ ಅಂಗಡಿಯಿಂದ ಕೊಂಡು ತಂದು ಕೂರಿಸಿದ್ದರೆ, ಅದು ಹೇಳಿದ್ದನ್ನು ವೇದವಾಕ್ಯವೆಂದು ನಂಬಿ ಇಡೀ ಬೀದಿಯ ಬಾಗಿಲು ಬಡಿಯುತ್ತಿದ್ದ.

ಬಾಗಿಲು ಬಡಿದದ್ದು ನಾನು. ಅಕ್ಕಪಕ್ಕದ ಎಲ್ಲ ಮನೆಗೂ ಹೋದೆ. ಆಂಟಿಯ ಮನೆಯಲ್ಲಿ ಯಾರೂ ಇರಲಿಲ್ಲ, ಹಬ್ಬದ ಸಾಮಾನು ತರಲು ಹೋಗಿದ್ದರು. ಗ್ರೂಪಿನಲ್ಲಿ ಬರೆದೆ: ಇವತ್ತು ಮಧ್ಯಾಹ್ನ ನಮ್ಮ ಮೇಲ್‌ಬಾಕ್ಸನ್ನು ಯಾರು ತೆಗೆದಿರಿ, ನನ್ನ ಕಾರ್ಡು ಕಾಣುತ್ತಿಲ್ಲ. ಬುಧವಾರದ ಕೆಲಸದ ವಿಷಯವನ್ನೂ ಬರೆಯಲು ಹೊರಟಾಗ ಗಂಡ ಫೋನಿನ ಮೇಲೆ ಕೈಯಿಟ್ಟ. "ಅದೊಂದು ಬೇಡ. ಹಬ್ಬದ ವಾರ." ನಾನು ಅಳಿಸಿದೆ. ಗ್ರೂಪಿನಲ್ಲಿ ಅಯ್ಯೋ ಪಾಪ ಎಂದರು, ಒಬ್ಬಳು ಹನುಮಂತನ ಚಿತ್ರ ಹಾಕಿದಳು.

ಆಂಟಿ ಮಾತ್ರ ಫೋನು ಮಾಡಿದರು. "ಯೋಚನೆ ಮಾಡ್ಬೇಡಮ್ಮ. ಶುಕ್ರವಾರ ಬೇಗ ಬಾ, ಸೀರೆ ಉಟ್ಕೊಂಡು ಬಾ. ಲಕ್ಷ್ಮಿ ಯಾರನ್ನೂ ಕೈಬಿಡಲ್ಲ." ಅವರ ದನಿಯಲ್ಲಿ ಒಂದು ನಗು ಇತ್ತು. ಸಮಾಧಾನ ಹೇಳುವವರ ನಗು ಎಂದುಕೊಂಡೆ.

ಬುಧವಾರ ಬೆಳಿಗ್ಗೆ ಮ್ಯಾನೇಜರ್‌ಗೆ ಫೋನು ಮಾಡಿದೆ. ಕಾರ್ಡು ಬಂದಿದೆ, ಆದರೆ ಕಳೆದಿದೆ ಎಂದೆ. ಹೇಳುವಾಗಲೇ ಅದು ಶಾಲೆಯ ಮಕ್ಕಳ ನೆಪದ ಹಾಗೆ ಕೇಳಿಸಿತು. ಅವಳು ಬಹಳ ಬೇಸರವಾಗುತ್ತದೆ ಎಂದಳು. ಮಧ್ಯಾಹ್ನದ ಹೊತ್ತಿಗೆ ಇಮೇಲ್ ಬಂತು, ಆ ಜಾಗಕ್ಕೆ ಬೇರೊಬ್ಬರು ಒಪ್ಪಿಕೊಂಡಿದ್ದಾರೆ ಎಂದು.

ಶುಕ್ರವಾರ ನಾನು ಬರುವುದಿಲ್ಲವೆಂದೆ. ಹಿರಿಯರು ಕರೆದಾಗ ಕುಂಕುಮಕ್ಕೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಗಂಡ ಹಟ ಹಿಡಿದ. ಮೈಸೂರು ಸಿಲ್ಕ್ ಉಟ್ಟು ಹೋದೆ. ಆಂಟಿಯ ಮನೆಯ ಹಾಲಿನಲ್ಲಿ ಲಕ್ಷ್ಮಿ ಒಡವೆ ಹೇರಿಕೊಂಡು ಕೂತಿದ್ದಳು, ಹಿಂದೆ ಬ್ಯಾಟರಿಯ ದೀಪದ ಸರ, ಮುಂದೆ ಹಣ್ಣಿನ ರಾಶಿ. ಹೆಂಗಸರೆಲ್ಲ ಕಾರ್ಪೆಟ್ ಮೇಲೆ, ಗಂಡಸರು ಅಡುಗೆಮನೆಯ ನಡುವಿನ ಕಟ್ಟೆಯ ಸುತ್ತ ಕೋಸಂಬರಿ ತಿನ್ನುತ್ತ ಮನೆ ಸಾಲದ ಬಡ್ಡಿಯ ಬಗ್ಗೆ ಮಾತಾಡುತ್ತಿದ್ದರು. ಮಂಗಳಾರತಿ ಆದ ಮೇಲೆ ಆಂಟಿ ಒಬ್ಬೊಬ್ಬರನ್ನೇ ಕರೆದು ತಾಂಬೂಲ ಕೊಟ್ಟರು. ನನ್ನ ಸರದಿ ಬಂದಾಗ ಅವರ ಮುಖ ಅರಳಿತು.

"ಎಲ್ಲರೂ ಸ್ವಲ್ಪ ಇಲ್ಲಿ ನೋಡಿ" ಎಂದರು.

ಬೆಳ್ಳಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಕೆ, ತೆಂಗಿನಕಾಯಿ, ರವಿಕೆ ಕಣ. ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿದ, ಸರ್ಕಾರದ ಮುದ್ರೆಯ ಒಂದು ಲಕೋಟೆ.

"ತಗೋಮ್ಮ, ನಿನ್ನ ಕಾರ್ಡು. ಮಂಗಳವಾರ ಕುಂಕುಮಕ್ಕೆ ಕರೆಯೋ ಪತ್ರ ಇಡೋಕೆ ನಿಮ್ಮ ಮೇಲ್‌ಬಾಕ್ಸ್ ತೆಗೆದ್ರೆ ಇದು ಸಿಕ್ತು. ಎಷ್ಟು ಕಾದಿದ್ದೀಯ ಪಾಪ, ಸುಮ್ನೆ ಹಾಗೇ ಯಾಕೆ ಕೊಡೋದು, ಲಕ್ಷ್ಮಿ ಪಾದದ ಹತ್ರ ಇಟ್ಟು ಹಬ್ಬದ ದಿನ ಕೊಡೋಣ ಅಂತ ಎತ್ತಿಟ್ಕೊಂಡೆ. ಪತ್ರ ಇಟ್ರೆ ನಾನೇ ಬಂದಿದ್ದೆ ಅಂತ ಗೊತ್ತಾಗುತ್ತಲ್ಲ, ಅದನ್ನೂ ವಾಪಸ್ ತಂದೆ. ನೀನು ಗ್ರೂಪಲ್ಲಿ ಕೇಳಿದಾಗ ಹೇಳ್ದೆ ಇರೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ?"

ಸುತ್ತ ಚಪ್ಪಾಳೆ. ಒಬ್ಬಳು ವಿಡಿಯೋ ಹಿಡಿದಿದ್ದಳು. ನಾನು ಅಳಬೇಕೆಂದು ಎಲ್ಲರೂ ಕಾಯುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ಆಂಟಿ," ಎಂದೆ, "ಇದನ್ನ ಬುಧವಾರ ಬೆಳಿಗ್ಗೆ ಆಫೀಸಲ್ಲಿ ತೋರಿಸ್ಬೇಕಿತ್ತು. ತೋರಿಸಿದ್ರೆ ಕೆಲಸ ಇತ್ತು. ಈಗ ಬೇರೆಯವರಿಗೆ ಕೊಟ್ಟಾಯ್ತು."

ಚಪ್ಪಾಳೆ ನಿಂತಿತು. ಆಂಟಿ ಲಕೋಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಕೆಲಸದ ವಿಷಯ ನೀನು ಹೇಳ್ಲೇ ಇಲ್ವಲ್ಲಮ್ಮ" ಎಂದರು. "ಒಂದು ಮಾತು ಹೇಳಿದ್ರೆ ನಾನೇ ಓಡಿ ಬಂದು ಕೊಡ್ತಿದ್ನಲ್ಲ."

ನಿಜ, ಕೊಡುತ್ತಿದ್ದರು. ನಾನು ಅಡುಗೆಮನೆಯ ಕಡೆ ತಿರುಗಿದೆ. ಎಲ್ಲರೂ ಆ ಕಡೆ ತಿರುಗಿದರು. ನನ್ನ ಗಂಡ ಚಮಚವನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ನಿಂತಿದ್ದ. ಒಂದು ಮಾತಾದರೂ ಆಡುತ್ತಾನೆಂದು ಕಾದೆ. ಆಡಿದ.

"ಹಾಗಾದ್ರೆ ಸೆನ್ಸರ್ ಸರಿಯಾಗೇ ಇತ್ತಾ?"

ನನಗೆ ಹೇಸಿಗೆಯಾಯಿತು. ಅವನ ಮೇಲೆ, ಅಲ್ಲಿದ್ದ ರೇಷ್ಮೆ ಸೀರೆಗಳ ಮೇಲೆ, ಕುಂಕುಮ ಮೆತ್ತಿದ ಆ ಲಕೋಟೆಯ ಮೇಲೆ. ಯಾರೋ, "ಹೋಗ್ಲಿ ಬಿಡಿ, ಇನ್ನೂ ಒಳ್ಳೇದು ಸಿಗುತ್ತೆ. ಅಲ್ಲೀವರೆಗೂ ಫ್ರೀ ಇರ್ತೀರಲ್ಲ, ಗಣಪತಿ ಹಬ್ಬದ ಡೆಕೊರೇಶನ್‌ಗೆ ಬನ್ನಿ" ಎಂದರು. ತಟ್ಟೆಯನ್ನು ತೆಗೆದುಕೊಂಡೆ. ತಾಂಬೂಲ ಕೊಟ್ಟ ಹಿರಿಯರಿಗೆ ನಮಸ್ಕಾರ ಮಾಡದೆ ಹೊರಡುವ ಹಾಗಿಲ್ಲ. ಅಷ್ಟು ಕೋಪದಲ್ಲೂ ಬೆನ್ನು ತಾನಾಗಿ ಬಗ್ಗಿತು.

ಆಂಟಿ ಕಣ್ಣೊರೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟರು. ಬದುಕಿಡೀ ತನ್ನ ಕೆಲಸವನ್ನು ತಾನು ಮಾಡಿದ ಕೈ. "ದೀರ್ಘ ಸುಮಂಗಲೀ ಭವ" ಎಂದರು. ಗಂಡನ ಆಯುಸ್ಸಿಗೆ ಏನೂ ಆಗಿರಲಿಲ್ಲ, ಅಲ್ಲೇ ನಿಂತು ಕೋಸಂಬರಿ ತಿನ್ನುತ್ತಿದ್ದ. ಹೋಗಿದ್ದು ನನ್ನ ಕೆಲಸ, ಅದಕ್ಕೆ ಆ ಮನೆಯಲ್ಲಿ ಯಾರ ಬಳಿಯೂ ಆಶೀರ್ವಾದ ಇರಲಿಲ್ಲ.